ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್: ಯಾವ ಆಟಗಾರ ಯಾವ ಜಾಗಕ್ಕೆ ಸಲ್ಲುತ್ತಾನೆ ಅನ್ನುವುದನ್ನು ಮೊದಲೇ ಬಗೆಹರಿಸಿಕೊಳ್ಳಿ

ಫ್ಯಾಂಟಸಿ ಬೇಸ್‌ಬಾಲ್ ಅಂದರೆ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರು ಪಂದ್ಯಗಳಲ್ಲಿ ಆಡಿದ್ದಕ್ಕೆ ಅಂಕ ಪಡೆಯುವ ಆಟ. ಇಂಥ ಲೀಗ್‌ಗಳಲ್ಲಿ ಜಾಸ್ತಿ ಜಗಳ ಆಗುವುದು ಒಂದೇ ಪ್ರಶ್ನೆಗೆ. ಈ ಆಟಗಾರನನ್ನು ಈ ಜಾಗದಲ್ಲಿ ಹಾಕಬಹುದಾ, ಹಾಕಬಾರದಾ? ಡ್ರಾಫ್ಟ್ (ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ನಡೆಯುವಾಗ ಈ ಪ್ರಶ್ನೆ ಎದ್ದರೆ ಕಥೆ ಮುಗಿಯಿತು. ಗಡಿಯಾರ ಓಡುತ್ತಿರುತ್ತದೆ, ಹತ್ತು ಹನ್ನೆರಡು ಜನ ವಿಡಿಯೊ ಕಾಲ್‌ನಲ್ಲಿ ಒಬ್ಬರ ಮೇಲೊಬ್ಬರು ಮಾತಾಡುತ್ತಿರುತ್ತಾರೆ, ಮತ್ತು ಯಾವ ಉತ್ತರ ಬಂದರೆ ತನಗೆ ಲಾಭ ಅನ್ನುವುದು ಅಷ್ಟು ಹೊತ್ತಿಗೆ ಪ್ರತಿಯೊಬ್ಬರಿಗೂ ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಎಷ್ಟೇ ಒಳ್ಳೆಯವರಾದರೂ ಪಕ್ಷಪಾತ ಇಲ್ಲದೆ ಯೋಚಿಸುವುದು ಕಷ್ಟ.

ಹಾಗಾಗಿ ಈ ಇಡೀ ಬರಹದಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಒಂದೇ. ಆಟಗಾರನ ಹೆಸರು ಬಾಯಿಗೆ ಬರುವ ಮೊದಲೇ ನಿಯಮ ಕಾಗದದ ಮೇಲೆ ಇರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಅಮೆರಿಕದಲ್ಲಿ ಆಫೀಸಿನವರ ಜೊತೆಗೋ ಕನ್ನಡ ಕೂಟದ ಗೆಳೆಯರ ಜೊತೆಗೋ ಲೀಗ್ ಶುರು ಮಾಡುವವರನ್ನು, ಅದರಲ್ಲೂ ಕಮಿಷನರ್ ಕೆಲಸ, ಅಂದರೆ ಲೀಗ್ ನಡೆಸುವ ಕೆಲಸ, ತಲೆಗೆ ಬಿದ್ದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕ್ರಿಕೆಟ್ ಫ್ಯಾಂಟಸಿ ಆಡಿ ಬಂದವರಿಗೆ ಈ ತಲೆನೋವು ಹೊಸದು. ಅಲ್ಲಿ ಕೆ.ಎಲ್. ರಾಹುಲ್ ಕೀಪರ್ ಪಟ್ಟಿಯಲ್ಲಿ ಬರಬೇಕಾ, ಬ್ಯಾಟರ್ ಪಟ್ಟಿಯಲ್ಲಿ ಬರಬೇಕಾ ಅನ್ನುವುದನ್ನು ಆ್ಯಪ್‌ನವರೇ ತೀರ್ಮಾನಿಸಿರುತ್ತಾರೆ. ಬೇಸ್‌ಬಾಲ್‌ನಲ್ಲಿ ಗೆರೆ ಎಳೆಯುವ ಕೆಲಸ ಎಷ್ಟೋ ಸಲ ಲೀಗ್ ನಡೆಸುವವರ ಮೇಲೇ ಬೀಳುತ್ತದೆ.

ಮೊದಲು, ಇದು ಯಾಕೆ ಇಷ್ಟು ಮುಖ್ಯ

ಫ್ಯಾಂಟಸಿ ಬೇಸ್‌ಬಾಲ್ 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಡ್ಯಾನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ಶುರು ಮಾಡಿದ ರೊಟಿಸರಿ ಲೀಗ್‌ನಿಂದ ಬೆಳೆದದ್ದು. ಆ ಪದ್ಧತಿಯಲ್ಲಿ ಇವತ್ತು ರೂಢಿಯಲ್ಲಿರುವ ತಂಡಕ್ಕೆ 23 ಜನ. ಇಬ್ಬರು ಕ್ಯಾಚರ್ (ಕ್ರಿಕೆಟ್ ಕೀಪರ್ ಹಾಗೆ ಬ್ಯಾಟರ್ ಹಿಂದೆ ಇರುವವರು), ಫಸ್ಟ್ ಬೇಸ್, ಸೆಕೆಂಡ್ ಬೇಸ್, ಥರ್ಡ್ ಬೇಸ್ ಮತ್ತು ಶಾರ್ಟ್‌ಸ್ಟಾಪ್‌ಗೆ ಒಬ್ಬೊಬ್ಬರು, ಫಸ್ಟ್ ಅಥವಾ ಥರ್ಡ್ ಆಡುವ ಒಬ್ಬ ಕಾರ್ನರ್, ಸೆಕೆಂಡ್ ಅಥವಾ ಶಾರ್ಟ್ ಆಡುವ ಒಬ್ಬ ಮಿಡಲ್, ಐದು ಔಟ್‌ಫೀಲ್ಡರ್, ಯಾವ ಬ್ಯಾಟರ್‌ನನ್ನಾದರೂ ಹಾಕಬಹುದಾದ ಒಂದು ಯುಟಿಲಿಟಿ ಜಾಗ, ಮತ್ತೆ ಒಂಬತ್ತು ಪಿಚರ್, ಅಂದರೆ ಚೆಂಡು ಎಸೆಯುವವರು.

ಈ ಜಾಗಗಳೆಲ್ಲ ಒಂದೇ ತೂಕದವಲ್ಲ. ಔಟ್‌ಫೀಲ್ಡ್‌ನಲ್ಲಿ ಚೆನ್ನಾಗಿ ಹೊಡೆಯುವವರು ಬೇಕಾದಷ್ಟು ಸಿಗುತ್ತಾರೆ, ಕ್ಯಾಚರ್‌ಗಳಲ್ಲಿ ಅಂಥವರು ಕಡಿಮೆ. ಹಾಗಾಗಿ ಒಬ್ಬನೇ ಆಟಗಾರ ಔಟ್‌ಫೀಲ್ಡರ್ ಆದರೆ ಸಾಧಾರಣ ಮಾಲು, ಅವನೇ ಕ್ಯಾಚರ್ ಅನ್ನಿಸಿಕೊಂಡರೆ ಬಂಗಾರ. ಡಾಲ್ಟನ್ ವಾರ್ಷೊ ಇದಕ್ಕೆ ಒಳ್ಳೆ ಉದಾಹರಣೆ. 2022ರಲ್ಲಿ ಅರಿಜೋನಾ ಪರ ಅವನು ಹೆಚ್ಚಾಗಿ ಔಟ್‌ಫೀಲ್ಡ್‌ನಲ್ಲೇ ಇದ್ದ, ಆದರೆ 31 ಪಂದ್ಯಗಳಲ್ಲಿ ಕ್ಯಾಚರ್ ಆಗಿಯೂ ಆಡಿದ್ದ. ಆ ಡಿಸೆಂಬರ್‌ನಲ್ಲಿ ಅವನನ್ನು ಟೊರಾಂಟೊಗೆ ಕೊಟ್ಟರು, ಮತ್ತು ಟೊರಾಂಟೊ ಅವನನ್ನು ತೆಗೆದುಕೊಂಡದ್ದೇ ಔಟ್‌ಫೀಲ್ಡ್‌ಗೆ. 2023ರ ಡ್ರಾಫ್ಟ್‌ನಲ್ಲಿ ಒಂದು ಕೋಣೆ ಹೀಗಿರುತ್ತಿತ್ತು ಅಂದುಕೊಳ್ಳಿ:

"ವಾರ್ಷೊ. ಕ್ಯಾಚರ್ ಜಾಗಕ್ಕೆ."

"ಇರಪ್ಪ, ಟೊರಾಂಟೊದಲ್ಲಿ ಅವನು ಔಟ್‌ಫೀಲ್ಡರ್ ಅಲ್ವಾ? ಕ್ಯಾಚರ್ ಗ್ಲವ್ ಮುಟ್ಟೋದೇ ಇಲ್ಲ ಅವನು."

"ಹೋದ ವರ್ಷ 31 ಪಂದ್ಯ ಆಡಿದಾನೆ ಗುರು, ನೋಡ್ಕೋ."

ಇಬ್ಬರ ಮಾತೂ ನಿಜ. ಒಬ್ಬ ಹೋದ ವರ್ಷದ ಲೆಕ್ಕ ಹೇಳುತ್ತಿದ್ದಾನೆ, ಇನ್ನೊಬ್ಬ ಮುಂದೆ ಏನಾಗುತ್ತದೆ ಅನ್ನುವುದನ್ನು ಹೇಳುತ್ತಿದ್ದಾನೆ. ಯಾವುದು ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಲೀಗ್ ಮೊದಲೇ ಹೇಳಿರಬೇಕು. ಹೆಚ್ಚಿನ ಲೀಗ್‌ಗಳಲ್ಲಿ ಹೋದ ವರ್ಷದ ಲೆಕ್ಕವೇ ನಡೆಯುತ್ತದೆ, ನನ್ನ ಪ್ರಕಾರ ಅದೇ ಸರಿ. ಆಡಿದ ಪಂದ್ಯವನ್ನು ಎಣಿಸಬಹುದು. ತಂಡದ ಮ್ಯಾನೇಜರ್ ಫೆಬ್ರವರಿಯಲ್ಲಿ ಕೊಟ್ಟ ಹೇಳಿಕೆಯನ್ನು ಎಣಿಸೋಕೆ ಆಗುವುದಿಲ್ಲ.

ಹಂತ 1: ನೀವು ಆಡುವ ಸೈಟ್ ಏನು ಹೇಳುತ್ತದೆ ನೋಡಿ

ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ, ಯಾಕೆಂದರೆ ಅರ್ಧ ತೀರ್ಮಾನ ಇಲ್ಲೇ ಆಗಿಹೋಗಿರುತ್ತದೆ. ಯಾಹೂದಲ್ಲಿ ಬ್ಯಾಟರ್ ಒಂದು ಜಾಗದಲ್ಲಿ 5 ಪಂದ್ಯ ಮೊದಲಿನಿಂದ ಆಡಿದ್ದರೆ, ಅಥವಾ ಒಟ್ಟು 10 ಪಂದ್ಯಗಳಲ್ಲಿ ಅಲ್ಲಿ ನಿಂತಿದ್ದರೆ ಸಾಕು. ಇಎಸ್‌ಪಿಎನ್‌ನಲ್ಲಿ ಹೋದ ವರ್ಷದ್ದು 20 ಪಂದ್ಯ, ಸೀಸನ್ ನಡೆಯುವಾಗ ಹೊಸ ಜಾಗ ಸಿಗಲು 10 ಪಂದ್ಯ. ದೊಡ್ಡ ಬಹುಮಾನದ ಸ್ಪರ್ಧೆಗಳನ್ನು ನಡೆಸುವ ಎನ್‌ಎಫ್‌ಬಿಸಿಯಲ್ಲೂ 20 ಮತ್ತು 10. ಸಿಬಿಎಸ್ ಮತ್ತು ಫ್ಯಾನ್‌ಟ್ರಾಕ್ಸ್‌ನಲ್ಲಿ ಕಮಿಷನರ್ ತನಗೆ ಬೇಕಾದ ಸಂಖ್ಯೆ ಹಾಕಿಕೊಳ್ಳಬಹುದು.

ನೀವು ಆರಿಸಿಕೊಂಡ ಸೈಟ್ ಸಂಖ್ಯೆ ಬದಲಿಸಲು ಬಿಡುವುದಿಲ್ಲ ಅಂದರೆ ಸುಮ್ನೆ ಬೇರೆ ನಿಯಮ ಬರೆದುಕೊಂಡು ಒದ್ದಾಡಬೇಡಿ. ಸೈಟ್ ಒಂದು ಹೇಳಿ, ನಿಮ್ಮ ಪಿಡಿಎಫ್ ಇನ್ನೊಂದು ಹೇಳಿದರೆ ಸೀಸನ್ ಪೂರ್ತಿ ಕಮಿಷನರ್ ಕೈಯಿಂದಲೇ ಎಲ್ಲವನ್ನೂ ಕಾಯಬೇಕಾಗುತ್ತದೆ. ಆರು ತಿಂಗಳು ಅದನ್ನು ಯಾರೂ ಮಾಡುವುದಿಲ್ಲ. ಸಂಖ್ಯೆ ನಿಮ್ಮದೇ ಬೇಕು ಅಂತಿದ್ದರೆ ಸೈಟನ್ನೇ ಬದಲಿಸಿ.

ಇನ್ನೊಂದು ವಿಷಯ. ಸಂಶಯ ಬಂದಾಗ ಕೊನೆಯ ಮಾತು ಯಾವುದು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಸೈಟ್ ತೋರಿಸುವುದೇ ಅಂತಿಮವಾ, ಅಥವಾ ಲೀಗ್‌ನ ಬರಹವಾ? ಸೈಟ್‌ನಲ್ಲೂ ಒಮ್ಮೊಮ್ಮೆ ತಪ್ಪು ಬರುತ್ತದೆ. ಆಗ ಏನು ಮಾಡಬೇಕು ಅನ್ನುವುದು ಆ ಒಂದು ಸಾಲಿನಿಂದಲೇ ಗೊತ್ತಾಗಬೇಕು.

ಹಂತ 2: ಹೋದ ವರ್ಷದ ಸಂಖ್ಯೆ, 20, 10 ಅಥವಾ 5

ಇದೇ ನಿಜವಾದ ಚರ್ಚೆ, ಇದಕ್ಕೆ ಸಮಯ ಕೊಡಿ.

20 ಅನ್ನುವುದು ಹಳೇ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಆಟಗಾರರಿಗೆ ಸಿಗುವ ಜಾಗ ಕಡಿಮೆ, ಡ್ರಾಫ್ಟ್‌ನಲ್ಲಿ ಲೆಕ್ಕಾಚಾರ ಜಾಸ್ತಿ. ಸಂಖ್ಯೆ ಚಿಕ್ಕದಾದಷ್ಟೂ ಒಬ್ಬೊಬ್ಬನಿಗೆ ಎರಡು ಮೂರು ಜಾಗ ಸಿಕ್ಕಿ, ಗಾಯವಾದಾಗ ಬದಲಿ ಹಾಕುವುದು ಸುಲಭ. ಮೂಕಿ ಬೆಟ್ಸ್‌ನ 2024ರ ಸೀಸನ್ ತೆಗೆದುಕೊಳ್ಳಿ. ಡಾಡ್ಜರ್ಸ್ ಅವನನ್ನು ಶಾರ್ಟ್‌ಸ್ಟಾಪ್‌ನಲ್ಲಿ 65 ಪಂದ್ಯ, ರೈಟ್ ಫೀಲ್ಡ್‌ನಲ್ಲಿ (ಇದು ಔಟ್‌ಫೀಲ್ಡ್‌ನ ಒಂದು ಜಾಗ) 43, ಸೆಕೆಂಡ್ ಬೇಸ್‌ನಲ್ಲಿ 18 ಪಂದ್ಯ ಆಡಿಸಿದರು. ನಿಮ್ಮ ಸಂಖ್ಯೆ 20 ಆಗಿದ್ದರೆ 2025ರ ಡ್ರಾಫ್ಟ್‌ನಲ್ಲಿ ಬೆಟ್ಸ್ ಶಾರ್ಟ್‌ಸ್ಟಾಪ್ ಮತ್ತು ಔಟ್‌ಫೀಲ್ಡ್ ಮಾತ್ರ. 10 ಆಗಿದ್ದರೆ ಸೆಕೆಂಡ್ ಬೇಸ್ ಕೂಡ ಸೇರಿತು. ಎರಡೇ ಎರಡು ಪಂದ್ಯದ ವ್ಯತ್ಯಾಸ! ಬೆಟ್ಸ್ ಮೇಲೆ ಕಣ್ಣಿಟ್ಟವನು 10 ಇರಲಿ ಅಂತ ವಾದಿಸುತ್ತಾನೆ, ಅವನ ಹಿಂದೆ ಆರಿಸಬೇಕಾದವನು 20 ಇರಲಿ ಅನ್ನುತ್ತಾನೆ, ಇಬ್ಬರೂ ತತ್ವದ ಮಾತೇ ಆಡುತ್ತಿರುತ್ತಾರೆ.

ಅದಕ್ಕೇ ಸಂಖ್ಯೆಯನ್ನು ಪರೀಕ್ಷಿಸುವಾಗ ಈ ವರ್ಷದ ಹೆಸರು ಹಿಡಿಯಬೇಡಿ. ಹಳೇ ಹೆಸರುಗಳನ್ನು ಹಾಕಿ ನೋಡಿ. 2013ರಲ್ಲಿ ಮಿನೆಸೋಟಾದ ಜೋ ಮಾವರ್‌ಗೆ ತಲೆಗೆ ಪೆಟ್ಟು ಬಿತ್ತು, ಆ ನವೆಂಬರ್‌ನಲ್ಲೇ ಇನ್ನು ಅವನು ಫಸ್ಟ್ ಬೇಸ್ ಆಡುತ್ತಾನೆ ಅಂತ ತಂಡ ಹೇಳಿತು. ಆದರೆ 2013ರಲ್ಲಿ ಅವನು ಹೆಚ್ಚಿನ ಪಂದ್ಯ ಕ್ಯಾಚರ್ ಆಗಿಯೇ ಆಡಿದ್ದ. 2014ರ ಡ್ರಾಫ್ಟ್‌ನಲ್ಲಿ ಅವನು ನಿಮ್ಮ ನಿಯಮದ ಪ್ರಕಾರ ಏನಾಗುತ್ತಾನೆ? ಬರುವ ಉತ್ತರ ನಿಮಗೆಲ್ಲ ಒಪ್ಪಿಗೆಯಾ? ಯಾರ ತಂಡದಲ್ಲೂ ಇಲ್ಲದ ನಿವೃತ್ತ ಆಟಗಾರನ ಬಗ್ಗೆ ಮಾತಾಡುವಾಗ ಜನ ಎಷ್ಟು ಸಮಾಧಾನವಾಗಿ ಯೋಚಿಸುತ್ತಾರೆ ಅನ್ನುವುದನ್ನು ನೀವೇ ನೋಡಿ.

ನನ್ನ ಸಲಹೆ ಹೀಗಿದೆ. ಹತ್ತು ಹನ್ನೆರಡು ಜನರ ಗೆಳೆಯರ ಲೀಗ್ ಆದರೆ 10. ಹದಿನೈದು ಜನ, ಇಬ್ಬಿಬ್ಬರು ಕ್ಯಾಚರ್, ಎಲ್ಲರೂ ಹಳೇ ಹುಲಿಗಳು ಅಂತಾದರೆ 20. ಹೋದ ವರ್ಷದ ಲೆಕ್ಕಕ್ಕೆ 5 ಬೇಡ. 162 ಪಂದ್ಯದ ಸೀಸನ್‌ನಲ್ಲಿ ಯಾರೋ ಗಾಯವಾದಾಗ ಒಂದು ವಾರ ಬದಲಿಗೆ ನಿಂತವನಿಗೆಲ್ಲ ಇಡೀ ಮುಂದಿನ ವರ್ಷಕ್ಕೆ ಜಾಗ ಕೊಟ್ಟ ಹಾಗಾಗುತ್ತದೆ.

ಹಂತ 3: ಎಣಿಸುವುದು ಏನನ್ನು, ಎಲ್ಲಿ ನೋಡಿ

"10 ಪಂದ್ಯ" ಅಂತ ಬರೆದು ಬಿಟ್ಟರೆ ಸಾಲದು. ಒಂಬತ್ತನೇ ಇನಿಂಗ್ಸ್‌ನಲ್ಲಿ ಹೋಗಿ ಐದು ನಿಮಿಷ ಥರ್ಡ್ ಬೇಸ್‌ನಲ್ಲಿ ನಿಂತರೆ ಅದೂ ಒಂದು ಪಂದ್ಯವಾ? ಹೌದು ಅಂತ ಬರೆಯಿರಿ, ಇಲ್ಲ ಅಂತ ಬರೆಯಿರಿ, ಏನಾದರೂ ಒಂದು ಬರೆಯಿರಿ. ಅಲ್ಲಿ ನಿಂತ ಪ್ರತಿ ಪಂದ್ಯವನ್ನೂ ಎಣಿಸುವುದು ನನಗೆ ಇಷ್ಟ. ಹುಡುಕೋಕೆ ಸುಲಭ.

ಹುಡುಕುವ ಜಾಗ ಬೇಸ್‌ಬಾಲ್ ರೆಫರೆನ್ಸ್ ಅನ್ನುವ ವೆಬ್‌ಸೈಟ್. ಆಟಗಾರನ ಪುಟದಲ್ಲಿ ಕೆಳಗೆ ಹೋದರೆ ಯಾವ ವರ್ಷ ಯಾವ ಜಾಗದಲ್ಲಿ ಎಷ್ಟು ಪಂದ್ಯ ಅನ್ನುವ ಕೋಷ್ಟಕ ಸಿಗುತ್ತದೆ. ಅಲ್ಲಿ ಒಂದು ಕಡೆ ಎಚ್ಚರ ಇರಲಿ. ಲೆಫ್ಟ್, ಸೆಂಟರ್, ರೈಟ್ ಅಂತ ಮೂರು ಕಾಲಂ ಇವೆ, ಪಕ್ಕದಲ್ಲಿ ಒಟ್ಟು ಔಟ್‌ಫೀಲ್ಡ್ ಅಂತ ಇನ್ನೊಂದು ಇದೆ. ಮೂರನ್ನೂ ನೀವೇ ಕೂಡಿಸಬೇಡಿ. ಒಂದೇ ಪಂದ್ಯದಲ್ಲಿ ಸೆಂಟರ್‌ನಿಂದ ಲೆಫ್ಟ್‌ಗೆ ಸರಿದವನು ಎರಡೂ ಕಾಲಂನಲ್ಲಿ ಬರುತ್ತಾನೆ, ಆದರೆ ಔಟ್‌ಫೀಲ್ಡ್ ಪಂದ್ಯ ಒಂದೇ. ಗಡಿಯಲ್ಲಿರುವ ಆಟಗಾರನ ವಿಷಯದಲ್ಲಿ ಈ ಒಂದೆರಡು ಪಂದ್ಯವೇ ಜಗಳಕ್ಕೆ ಕಾರಣವಾಗುತ್ತದೆ.

ಸ್ಪ್ರಿಂಗ್ ಟ್ರೇನಿಂಗ್ (ಸೀಸನ್‌ಗೆ ಮೊದಲಿನ ಅಭ್ಯಾಸ) ಮತ್ತು ಅಕ್ಟೋಬರ್‌ನ ಪ್ಲೇಆಫ್ ಪಂದ್ಯಗಳು ಲೆಕ್ಕಕ್ಕಿಲ್ಲ. ಇದನ್ನೂ ಬರೆದುಬಿಡಿ.

ಹಂತ 4: ಸಂಖ್ಯೆ ಮುಟ್ಟದವರು, ಒಂದೂ ಆಡದವರು, ಹೊಸಬರು

ಪ್ರತಿ ವರ್ಷ ಒಳ್ಳೆಯ ಆಟಗಾರರೇ ಈ ಗುಂಪಿನಲ್ಲಿ ಇರುತ್ತಾರೆ. ನಿಯಮ ಬರೆಯುವವರು ಮರೆಯುವುದೂ ಇವರನ್ನೇ.

ಗಾಯವಾಗಿ ಯಾವ ಜಾಗದಲ್ಲೂ 10 ಮುಟ್ಟದವನಿಗೆ ಅವನು ಹೆಚ್ಚು ಆಡಿದ ಜಾಗ ಕೊಡಿ. ಎರಡು ಕಡೆ ಸಮ ಬಂದರೆ ಎರಡೂ ಕೊಡಿ. ಇಷ್ಟು ಸುಲಭ.

ಒಂದೂ ಪಂದ್ಯ ಆಡದಿದ್ದರೆ? ಫರ್ನಾಂಡೊ ಟಾಟಿಸ್ ಜೂನಿಯರ್ 2022ರಲ್ಲಿ ಮಣಿಕಟ್ಟಿನ ಗಾಯ, ಆಮೇಲೆ ಉದ್ದೀಪನ ಮದ್ದಿನ ವಿಷಯದಲ್ಲಿ 80 ಪಂದ್ಯಗಳ ನಿಷೇಧ, ಹೀಗೆ ಇಡೀ ವರ್ಷ ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. 2023ರ ಡ್ರಾಫ್ಟ್ ಹೊತ್ತಿಗೆ ಅವನು ಯಾವ ಜಾಗದವನು? ಹಿಂದೆ ಆಡಿದ ಕೊನೆಯ ಸೀಸನ್‌ಗೆ, ಅಂದರೆ 2021ಕ್ಕೆ ಹೋದರೆ ಹೆಚ್ಚಾಗಿ ಶಾರ್ಟ್‌ಸ್ಟಾಪ್, ಜೊತೆಗೆ ಒಂದಿಷ್ಟು ಔಟ್‌ಫೀಲ್ಡ್. ಆದರೆ ಅವನ ತಂಡ ಪಾಡ್ರೆಸ್ ಅಷ್ಟು ಹೊತ್ತಿಗೆ ಶಾರ್ಟ್‌ಸ್ಟಾಪ್‌ಗೆ ಜಾಂಡರ್ ಬೋಗಾರ್ಟ್ಸ್‌ನನ್ನು ತಂದಾಗಿತ್ತು, ಟಾಟಿಸ್ 2023ರಲ್ಲಿ ರೈಟ್ ಫೀಲ್ಡ್‌ಗೆ ಹೋಗಿ ಅಲ್ಲಿ ಗೋಲ್ಡ್ ಗ್ಲವ್ (ಫೀಲ್ಡಿಂಗ್ ಪ್ರಶಸ್ತಿ) ಗೆದ್ದ. ಹಾಗಿದ್ದರೂ "ಕೊನೆಯ ಬಾರಿ ಆಡಿದ ಸೀಸನ್" ಅನ್ನುವ ನಿಯಮವೇ ಸರಿ ಅಂತ ನಾನು ಹೇಳುತ್ತೇನೆ. ಊಹೆ ಬೇಡ. ಅವನನ್ನು ಶಾರ್ಟ್‌ಸ್ಟಾಪ್ ಆಗಿ ಬಳಸಿಕೊಂಡವರಿಗೆ ಒಂದು ವರ್ಷ ಲಾಭ ಆಗಿರಬಹುದು, ಆಗಲಿ. ಆ ಅವಕಾಶ ಎಲ್ಲರಿಗೂ ಇತ್ತಲ್ಲ.

ಜಪಾನ್, ಕೊರಿಯಾದಿಂದ ಬರುವವರಿಗೆ ಅಲ್ಲಿನ ಕೊನೆಯ ಸೀಸನ್‌ನ ಜಾಗ. ಸೇಯಾ ಸುಜುಕಿ 2022ರಲ್ಲಿ ಚಿಕಾಗೊ ಕಬ್ಸ್‌ಗೆ ಬಂದಾಗ ಜಪಾನ್‌ನಲ್ಲಿ ಔಟ್‌ಫೀಲ್ಡರ್, ಇಲ್ಲೂ ಔಟ್‌ಫೀಲ್ಡರ್. ಗೊಂದಲವೇ ಇರಲಿಲ್ಲ. ಮೈನರ್ ಲೀಗ್‌ನಿಂದ (ಮೇಜರ್ ಲೀಗ್‌ನ ಕೆಳಗಿನ, ಹುಡುಗರು ಕಲಿಯುವ ಲೀಗ್‌ಗಳು) ಬರುವ ಹುಡುಗರಿಗೆ ಹೋದ ವರ್ಷ ಮೈನರ್ಸ್‌ನಲ್ಲಿ ಹೆಚ್ಚು ಆಡಿದ ಒಂದು ಜಾಗ ಮಾತ್ರ. ಒಂದೇ ಯಾಕೆ ಅಂದರೆ, ಮೈನರ್ಸ್‌ನಲ್ಲಿ ತಂಡಗಳು ಹುಡುಗರನ್ನು ಕಲಿಯಲಿ ಅಂತ ನಾಲ್ಕೈದು ಕಡೆ ಆಡಿಸುತ್ತವೆ, ಅದನ್ನೆಲ್ಲ ಲೆಕ್ಕ ಹಿಡಿದರೆ ಎಲ್ಲ ಹುಡುಗರೂ ಎಲ್ಲ ಜಾಗಕ್ಕೂ ಸಲ್ಲುತ್ತಾರೆ.

ಸೀಸನ್ನೇ ಚಿಕ್ಕದಾದರೆ ಅನ್ನುವುದಕ್ಕೂ ಒಂದು ಸಾಲು ಬೇಕು. 2020ರಲ್ಲಿ ಕೋವಿಡ್‌ನಿಂದ 60 ಪಂದ್ಯ ಮಾತ್ರ ನಡೆದವು. 162ರಲ್ಲಿ 20 ಅಂದರೆ ಸುಮಾರು ಶೇ. 12. ಅದೇ ಪ್ರಮಾಣದಲ್ಲಿ 60ಕ್ಕೆ ಸುಮಾರು 7 ಪಂದ್ಯ ಆಗುತ್ತದೆ. "ಸೀಸನ್ ಚಿಕ್ಕದಾದರೆ ಅದೇ ಪ್ರಮಾಣದಲ್ಲಿ ಇಳಿಸುವುದು, ಹತ್ತಿರದ ಪೂರ್ಣ ಸಂಖ್ಯೆಗೆ" ಅಂತ ಬರೆದಿಡಿ. ಆಟಗಾರರ ಸಂಘ ಮತ್ತು ತಂಡಗಳ ನಡುವೆ 2022ರಲ್ಲಿ ಆದ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಇಂಥ ಒಪ್ಪಂದ ಮುಗಿಯುವ ಹೊತ್ತಿನಲ್ಲಿ ಲಾಕ್‌ಔಟ್, ಮುಷ್ಕರ ಆಗಿ ಪಂದ್ಯಗಳು ಕಡಿಮೆಯಾಗುವುದು ಬೇಸ್‌ಬಾಲ್‌ಗೆ ಹೊಸದಲ್ಲ. 1994ರ ಮುಷ್ಕರದ ನಂತರ 1995ರಲ್ಲಿ ತಂಡಕ್ಕೆ 144 ಪಂದ್ಯ ಮಾತ್ರ ಇದ್ದವು.

ಹಂತ 5: ಬರೀ ಬ್ಯಾಟ್ ಮಾಡುವವರು

ಡಿಎಚ್, ಅಂದರೆ ಫೀಲ್ಡಿಂಗ್ ಮಾಡದೆ ಬ್ಯಾಟಿಂಗ್ ಮಾತ್ರ ಮಾಡುವವನು. 2022ರಿಂದ ಮೇಜರ್ ಲೀಗ್‌ನ ಅಮೆರಿಕನ್, ನ್ಯಾಷನಲ್ ಎರಡೂ ಲೀಗ್‌ಗಳಲ್ಲಿ ಡಿಎಚ್ ಇದೆ, ಹಾಗಾಗಿ ಇಂಥವರ ಸಂಖ್ಯೆಯೂ ಜಾಸ್ತಿ. 2024ರಲ್ಲಿ ಅಟ್ಲಾಂಟಾದ ಮಾರ್ಸೆಲ್ ಒಜುನಾ 162 ಪಂದ್ಯ ಆಡಿದ, ಎಲ್ಲವೂ ಡಿಎಚ್ ಆಗಿ. ಇವನು ಎಲ್ಲಿಗೆ ಸಲ್ಲುತ್ತಾನೆ? ಯುಟಿಲಿಟಿ ಜಾಗಕ್ಕೆ ಮಾತ್ರ. 23 ಜನರ ತಂಡದಲ್ಲಿ ಆ ಜಾಗ ಒಂದೇ ಇದೆ. ಅಂದರೆ ಇಂಥ ಇಬ್ಬರನ್ನು ತೆಗೆದುಕೊಂಡರೆ ಒಬ್ಬ ಯಾವಾಗಲೂ ಬೆಂಚ್ ಮೇಲೆ.

"ಅವನು ಮೊದಲು ಔಟ್‌ಫೀಲ್ಡರ್ ಆಗಿದ್ದನಲ್ಲ, ಔಟ್‌ಫೀಲ್ಡ್ ಕೊಟ್ಟುಬಿಡೋಣ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕೊಡಬೇಡಿ. ಡಿಎಚ್ ಆಟಗಾರರ ಬೆಲೆ ಸ್ವಲ್ಪ ಕಡಿಮೆ ಇರುವುದೇ ಈ ತೊಂದರೆಯಿಂದ. ಅದನ್ನು ತೆಗೆದುಹಾಕಿದರೆ, ತೊಂದರೆ ಲೆಕ್ಕ ಹಾಕಿ ಅವರನ್ನು ಬಿಟ್ಟವರಿಗೆ ಅನ್ಯಾಯ.

ಹಂತ 6: ಓಟಾನಿ

ಇವನಿಗೆ ಒಂದು ಹಂತವೇ ಬೇಕು. ಶೋಹೇ ಓಟಾನಿ 2022ರಲ್ಲಿ 34 ಹೋಮ್ ರನ್ ಹೊಡೆದ, ಅದೇ ವರ್ಷ ಪಿಚರ್ ಆಗಿ 15 ಪಂದ್ಯ ಗೆದ್ದ. ಒಬ್ಬನೇ ಆಟಗಾರ ಎರಡೂ ಕೊಟ್ಟರೆ ಅವನನ್ನು ಪಡೆದವನಿಗೆ ಒಂದೇ ಆಯ್ಕೆಯಲ್ಲಿ ಇಬ್ಬರು ಸಿಕ್ಕ ಹಾಗೆ.

ದಾರಿ ಮೂರು ಇವೆ. ಒಂದು, ಯಾಹೂ ಮಾಡುವ ಹಾಗೆ ಓಟಾನಿ ಬ್ಯಾಟರ್ ಮತ್ತು ಓಟಾನಿ ಪಿಚರ್ ಅಂತ ಇಬ್ಬರು ಬೇರೆ ಬೇರೆ ಆಟಗಾರರು, ಬೇರೆ ಬೇರೆ ತಂಡಕ್ಕೂ ಹೋಗಬಹುದು. ಎರಡು, ಒಬ್ಬನೇ ಆಟಗಾರ, ಆದರೆ ಆ ದಿನವೋ ಆ ವಾರವೋ ಯಾವ ಜಾಗದಲ್ಲಿ ಹಾಕಿದ್ದೀರೋ ಅದರ ಅಂಕ ಮಾತ್ರ. ಮೂರು, ಒಬ್ಬನೇ, ಎರಡರ ಅಂಕವೂ ಅವನದೇ. ಮೂರನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಡ್ರಾಫ್ಟ್ ಕ್ರಮಕ್ಕೆ ಚೀಟಿ ಎತ್ತಿದ ದಿನವೇ ಲೀಗ್ ಮುಗಿದ ಹಾಗಾಗುತ್ತದೆ. ವಾರಕ್ಕೊಮ್ಮೆ ತಂಡ ಹಾಕುವ ಲೀಗ್‌ಗೆ ಎರಡನೆಯದು ಚೆನ್ನಾಗಿದೆ, ದಿನಾ ಬದಲಿಸುವ ಲೀಗ್‌ಗೆ ಮೊದಲನೆಯದು. ಮೊದಲನೆಯದನ್ನು ಆರಿಸಿದರೆ ಡ್ರಾಫ್ಟ್‌ನಲ್ಲಿ ಬರೀ "ಓಟಾನಿ" ಅನ್ನುವಂತಿಲ್ಲ, ಬ್ಯಾಟರ್ ಅಂತಲೋ ಪಿಚರ್ ಅಂತಲೋ ಸೇರಿಸಿ ಹೇಳಬೇಕು. ಹೇಳದಿದ್ದರೆ ಬ್ಯಾಟರ್ ಅಂತ ಲೆಕ್ಕ. ಈ ಸಣ್ಣ ಸಾಲೂ ನಿಯಮದಲ್ಲಿ ಇರಲಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆದಮೇಲೆ ಓಟಾನಿ 2024ರಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ. ಡಿಎಚ್ ಆಗಿ 159 ಪಂದ್ಯ ಆಡಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ. 2025ರ ಜೂನ್ 16ರಂದು ಮತ್ತೆ ಪಿಚಿಂಗ್ ಶುರು ಮಾಡಿದ. ಈಗ ಹಂತ 4ರ ನಿಯಮ ಓದಿ. ಹೋದ ವರ್ಷ ಒಂದೂ ಪಂದ್ಯ ಆಡದಿದ್ದರೆ ಕೊನೆಯ ಬಾರಿ ಆಡಿದ ಸೀಸನ್ ನೋಡುವುದು ಅಂತ ಇದೆ. ಓಟಾನಿ 2024ರಲ್ಲಿ ಆಡಿದ್ದಾನಲ್ಲ! ಅಕ್ಷರಶಃ ಹಿಡಿದರೆ 2025ರ ಡ್ರಾಫ್ಟ್‌ನಲ್ಲಿ ಅವನು ಪಿಚರ್ ಅಲ್ಲವೇ ಅಲ್ಲ. ಅದಕ್ಕೆ ಬ್ಯಾಟಿಂಗ್ ಮತ್ತು ಪಿಚಿಂಗ್ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ, ಪಿಚಿಂಗ್‌ಗೆ ಎರಡು ವರ್ಷ ಹಿಂದಕ್ಕೆ ನೋಡಬಹುದು ಅಂತ ಬರೆಯಿರಿ. ಮೇಜರ್ ಲೀಗ್ ಕೂಡ ಹೀಗೇ ಮಾಡುತ್ತದೆ. ಎರಡೂ ಕೆಲಸ ಮಾಡುವ ಆಟಗಾರ ಅನ್ನಿಸಿಕೊಳ್ಳಲು 20 ಇನಿಂಗ್ಸ್ ಪಿಚಿಂಗ್ ಮಾಡಿರಬೇಕು, ಮತ್ತು ಪ್ರತಿಯೊಂದರಲ್ಲೂ ಕನಿಷ್ಠ ಮೂರು ಸಲ ಬ್ಯಾಟಿಂಗ್‌ಗೆ ಬಂದ 20 ಪಂದ್ಯ ಆಡಿರಬೇಕು. ಈ ಸೀಸನ್ ಅಥವಾ ಹಿಂದಿನ ಎರಡು ಸೀಸನ್‌ಗಳಲ್ಲಿ ಯಾವುದಾದರೂ ಒಂದರಲ್ಲಿ ಆಗಿದ್ದರೆ ಸಾಕು.

ಹಂತ 7: ಪಿಚರ್‌ಗಳು

ತಂಡದಲ್ಲಿ ಸುಮ್ನೆ ಒಂಬತ್ತು ಪಿಚರ್ ಅಂತ ಇಟ್ಟುಕೊಂಡರೆ ಈ ಹಂತವನ್ನೇ ಬಿಟ್ಟು ಮುಂದೆ ಹೋಗಬಹುದು. ಹೊಸ ಲೀಗ್‌ಗಳಿಗೆ ನಾನು ಹೇಳುವುದು ಅದನ್ನೇ.

ಸ್ಟಾರ್ಟರ್ (ಪಂದ್ಯದ ಮೊದಲಿನಿಂದ ಎಸೆಯುವವನು) ಬೇರೆ, ರಿಲೀವರ್ (ನಡುವೆ ಬದಲಿಗೆ ಬಂದು ಎಸೆಯುವವನು) ಬೇರೆ ಅಂತ ಜಾಗ ಇಟ್ಟಿದ್ದರೆ ಲೆಕ್ಕ ಬೇಕು. ಯಾಹೂದಲ್ಲಿ 3 ಸ್ಟಾರ್ಟ್ ಆದರೆ ಸ್ಟಾರ್ಟರ್, 5 ಸಲ ರಿಲೀವರ್ ಆಗಿ ಬಂದರೆ ರಿಲೀವರ್. ಇಲ್ಲಿ ಬೆಲೆ ಬರುವುದು ಹೋದ ವರ್ಷ ರಿಲೀವರ್ ಆಗಿದ್ದು ಈ ವರ್ಷ ಸ್ಟಾರ್ಟರ್ ಆಗುವವರಿಗೆ. ಸೆತ್ ಲೂಗೊ 2022ರಲ್ಲಿ ಮೆಟ್ಸ್‌ನಲ್ಲಿ ರಿಲೀವರ್, 2023ರಲ್ಲಿ ಪಾಡ್ರೆಸ್‌ನಲ್ಲಿ ಸ್ಟಾರ್ಟರ್. ರೆನಾಲ್ಡೊ ಲೋಪೆಜ್ 2023ರಲ್ಲಿ ರಿಲೀವರ್, 2024ರಲ್ಲಿ ಅಟ್ಲಾಂಟಾದಲ್ಲಿ ಸ್ಟಾರ್ಟರ್ ಆಗಿ 1.99 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೆಯದು). ಇಂಥವರನ್ನು ರಿಲೀವರ್ ಜಾಗದಲ್ಲಿ ಕೂರಿಸಿ ಸ್ಟಾರ್ಟರ್‌ನ ಇನಿಂಗ್ಸ್ ಪಡೆಯುವುದು ಪಾಯಿಂಟ್ಸ್ ಲೀಗ್‌ಗಳಲ್ಲಿ (ಆಟಗಾರ ಮಾಡಿದ ಒಂದೊಂದಕ್ಕೂ ಇಂತಿಷ್ಟು ಅಂಕ ಕೊಡುವ ಲೀಗ್‌ಗಳು) ದೊಡ್ಡ ಲಾಭ. ಇದು ಮೋಸ ಏನೂ ಅಲ್ಲ, ನಿಯಮ ಓದಿದವನಿಗೆ ಸಿಗುವ ಪ್ರತಿಫಲ. ಬೇಡ ಅನಿಸಿದರೆ ಡ್ರಾಫ್ಟ್‌ಗೆ ಮೊದಲು ಹೇಳಿ.

ಓಪನರ್ (ಪಂದ್ಯದ ಮೊದಲ ಒಂದೆರಡು ಇನಿಂಗ್ಸ್‌ಗೆ ಮಾತ್ರ ಇಳಿಸುವ ರಿಲೀವರ್) ಬಗ್ಗೆಯೂ ಒಂದು ಮಾತು. 2018ರ ಮೇ 19ರಂದು ಟ್ಯಾಂಪಾ ಬೇ ತಂಡ ರಿಲೀವರ್ ಸೆರ್ಜಿಯೊ ರೋಮೊನನ್ನು ಮೊದಲ ಇನಿಂಗ್ಸ್‌ಗೆ ಇಳಿಸಿತು, ಮರುದಿನವೂ ಅವನನ್ನೇ ಇಳಿಸಿತು. ದಾಖಲೆಯಲ್ಲಿ ಅದು ಸ್ಟಾರ್ಟ್. ನೀವೂ ಸ್ಟಾರ್ಟ್ ಅಂತಲೇ ಎಣಿಸಿ, ಇನಿಂಗ್ಸ್ ಎಷ್ಟು ಅಂತ ನೋಡಲು ಹೋಗಬೇಡಿ. ಇನ್ನು ಸೋತ ಪಂದ್ಯದಲ್ಲಿ ಕೊನೆಗೆ ಬಂದು ಎಸೆಯುವ ಬ್ಯಾಟರ್‌ಗಳು ಎಷ್ಟು ಸಲ ಎಸೆದರೂ ಪಿಚರ್ ಅಲ್ಲ.

ಹಂತ 8: ಸೀಸನ್ ನಡೆಯುವಾಗ ಹೊಸ ಜಾಗ, ಬೇರೆ ಲೀಗ್

ರಫಾಯೆಲ್ ಡೆವರ್ಸ್‌ನ 2025ನ್ನು ಹಿಡಿದುಕೊಂಡರೆ ಎಲ್ಲ ಪ್ರಶ್ನೆಗಳೂ ಒಟ್ಟಿಗೆ ಬರುತ್ತವೆ. ಡ್ರಾಫ್ಟ್‌ನಲ್ಲಿ ಅವನು ಬಾಸ್ಟನ್‌ನ ಥರ್ಡ್ ಬೇಸ್‌ಮನ್. ಆದರೆ ತಂಡ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್‌ಮನ್‌ನನ್ನು ತಂದಿತ್ತು, ಡೆವರ್ಸ್ ಡಿಎಚ್ ಆದ. ಮೇ ತಿಂಗಳಲ್ಲಿ ಫಸ್ಟ್ ಬೇಸ್‌ನ ಟ್ರಿಸ್ಟನ್ ಕಾಸಸ್ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡಾಗ ಅಲ್ಲಿಗೆ ಬಾ ಅಂದರು, ಡೆವರ್ಸ್ ಒಪ್ಪಲಿಲ್ಲ. ಜೂನ್ 15ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್‌ಗೆ ಕೊಟ್ಟುಬಿಟ್ಟರು, ಅಲ್ಲಿ ಫಸ್ಟ್ ಬೇಸ್ ಆಡಿದ.

ಮೊದಲ ಪ್ರಶ್ನೆ, ಥರ್ಡ್ ಬೇಸ್ ಹೋಗುತ್ತದಾ? ಇಲ್ಲ. ಡ್ರಾಫ್ಟ್ ದಿನ ಇದ್ದ ಜಾಗ ಇಡೀ ಸೀಸನ್ ಇರುತ್ತದೆ, ಮುಂದಿನ ವರ್ಷ ಹೊಸ ಲೆಕ್ಕ. ಎರಡನೆಯದು, ಫಸ್ಟ್ ಬೇಸ್ ಯಾವಾಗ ಸಿಗುತ್ತದೆ? ಸೀಸನ್ ಒಳಗಿನ ಸಂಖ್ಯೆ ಹೋದ ವರ್ಷದ ಸಂಖ್ಯೆಗಿಂತ ಕಡಿಮೆ ಇರಲಿ. ಅಲ್ಲಿ 20 ಇದ್ದರೆ ಇಲ್ಲಿ 10, ಅಲ್ಲಿ 10 ಇದ್ದರೆ ಇಲ್ಲಿ 5. ಸಂಖ್ಯೆ ಮುಟ್ಟಿದ ಮರುದಿನದಿಂದ ಜಾಗ ಸಿಗುತ್ತದೆ, ವಾರದ ಲೀಗ್ ಆದರೆ ಮುಂದಿನ ಸೋಮವಾರದಿಂದ.

ಮೂರನೆಯದು ಅಮೆರಿಕನ್ ಲೀಗ್ ಆಟಗಾರರನ್ನು ಮಾತ್ರ, ಅಥವಾ ನ್ಯಾಷನಲ್ ಲೀಗ್‌ನವರನ್ನು ಮಾತ್ರ ಆರಿಸುವ ಲೀಗ್‌ಗಳಿಗೆ. ಬಾಸ್ಟನ್ ಅಮೆರಿಕನ್, ಜಯಂಟ್ಸ್ ನ್ಯಾಷನಲ್. ಡೆವರ್ಸ್‌ನನ್ನು ಮೊದಲ ಸುತ್ತಿನಲ್ಲಿ ತೆಗೆದುಕೊಂಡವನಿಗೆ ಜೂನ್‌ನಲ್ಲಿ ಏನೂ ಉಳಿಯುವುದಿಲ್ಲವಾ? 2018ರ ಜುಲೈನಲ್ಲಿ ಮ್ಯಾನಿ ಮಚಾಡೊ ಬಾಲ್ಟಿಮೋರ್‌ನಿಂದ ಡಾಡ್ಜರ್ಸ್‌ಗೆ ಹೋದಾಗಲೂ ಇದೇ ಪ್ರಶ್ನೆ. ಲೀಗ್ ದಾಟಿದವನ ಅಂಕ ಅವನನ್ನು ಆರಿಸಿದ ತಂಡಕ್ಕೆ ಸೀಸನ್ ಮುಗಿಯುವವರೆಗೆ ಸಿಗಲಿ, ಆದರೆ ಬಿಟ್ಟುಕೊಟ್ಟರೆ ಮತ್ತೆ ಯಾರೂ ಎತ್ತಿಕೊಳ್ಳುವಂತಿಲ್ಲ ಅನ್ನುವುದು ನನ್ನ ಆಯ್ಕೆ. ಅಂಕ ನಿಲ್ಲಬೇಕು ಅನ್ನುವ ಕಟ್ಟುನಿಟ್ಟಿನವರೂ ಇದ್ದಾರೆ. ಯಾವುದಾದರೂ ಸರಿ, ಮಾರ್ಚ್‌ನಲ್ಲೇ ಗೊತ್ತಿರಬೇಕು.

ಹಂತ 9: ದಿನಾಂಕ ಗೊತ್ತುಮಾಡಿ

ಹೋದ ವರ್ಷದ ಲೆಕ್ಕವನ್ನು ಫೆಬ್ರವರಿ ಮಧ್ಯಕ್ಕೆ, ಅಂದರೆ ಪಿಚರ್‌ಗಳು ಕ್ಯಾಚರ್‌ಗಳು ಶಿಬಿರಕ್ಕೆ ಬರುವ ಹೊತ್ತಿಗೆ ಬೀಗ ಹಾಕಿ. ಒಂದು ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿ. ಎಲ್ಲ ಆಟಗಾರರೂ ಬೇಡ, ಗಡಿಯಲ್ಲಿರುವವರು ಮಾತ್ರ. ನಿಮ್ಮ ಸಂಖ್ಯೆ 10 ಆಗಿದ್ದರೆ 7ರಿಂದ 13 ಪಂದ್ಯದ ಒಳಗಿರುವವರು. ತಕರಾರಿಗೆ ಒಂದು ವಾರ ಸಮಯ.

ವಿದೇಶದಲ್ಲಿ ಸೀಸನ್ ಶುರುವಾಗುವ ವರ್ಷಗಳಲ್ಲಿ ಇನ್ನೊಂದು ಗಂಟು. 2024ರಲ್ಲಿ ಮಾರ್ಚ್ 20, 21ಕ್ಕೆ ಸಿಯೋಲ್‌ನಲ್ಲಿ ಡಾಡ್ಜರ್ಸ್ ಮತ್ತು ಪಾಡ್ರೆಸ್ ಆಡಿದರು. 2025ರಲ್ಲಿ ಮಾರ್ಚ್ 18, 19ಕ್ಕೆ ಟೋಕಿಯೊದಲ್ಲಿ ಡಾಡ್ಜರ್ಸ್ ಮತ್ತು ಕಬ್ಸ್. ಉಳಿದವರಿಗೆ ಸೀಸನ್ ಶುರುವಾದದ್ದು ಮಾರ್ಚ್ 27ಕ್ಕೆ. ನಡುವೆ ಬಂದ ಶನಿವಾರ, ಭಾನುವಾರ ಡ್ರಾಫ್ಟ್ ಇಟ್ಟುಕೊಂಡರೆ ಟೋಕಿಯೊದಲ್ಲಿ ಓಟಾನಿ ಹೊಡೆದ ಹೋಮ್ ರನ್ ಎಲ್ಲರೂ ನೋಡಿಯಾಗಿದೆ. ಆ ಅಂಕ ಸೇರುತ್ತದಾ? ಆ ಪಂದ್ಯಗಳ ಅಂಕ ಬೇಡ, ಆದರೆ ಜಾಗದ ಲೆಕ್ಕಕ್ಕೆ ಆ ವರ್ಷದ ಪಂದ್ಯ ಅಂತಲೇ ಎಣಿಸುವುದು, ಹೀಗೆ ಮಾಡಿದರೆ ಸರಳ.

ಕೀಪರ್ ಲೀಗ್ (ಹೋದ ವರ್ಷದ ಕೆಲವು ಆಟಗಾರರನ್ನು ಉಳಿಸಿಕೊಳ್ಳಬಹುದಾದ ಲೀಗ್) ಆದರೆ, ಉಳಿಸಿಕೊಂಡ ಆಟಗಾರನಿಗೂ ಪ್ರತಿ ವರ್ಷ ಹೊಸ ಲೆಕ್ಕವೇ. ಮೈನರ್ ಲೀಗ್ ಜಾಗಗಳಿಗೆ ಮೇಜರ್ ಲೀಗ್‌ನ ರೂಕಿ (ಹೊಸಬ) ಗಡಿಯನ್ನೇ ಬಳಸಿ: ಬ್ಯಾಟರ್‌ಗೆ 130 ಅಟ್‌ಬ್ಯಾಟ್, ಪಿಚರ್‌ಗೆ 50 ಇನಿಂಗ್ಸ್. ಅದನ್ನು ದಾಟಿದವನು ಮೈನರ್ ಜಾಗದಲ್ಲಿ ಇರುವಂತಿಲ್ಲ. ರೂಕಿಗೆ ದಿನಗಳ ಲೆಕ್ಕವೂ ಇದೆ, ಅದು ಬೇಡ, ಹುಡುಕೋಕೆ ಕಷ್ಟ.

ಹಂತ 10: ಡ್ರಾಫ್ಟ್ ಕೋಣೆಯಲ್ಲಿ

ಇಷ್ಟೆಲ್ಲ ಮಾಡಿದ ಮೇಲೂ ಒಂದು ತಕರಾರು ಬರುತ್ತದೆ. ಆಗ ಕಮಿಷನರ್ ಗಡಿಯಾರ ನಿಲ್ಲಿಸಬೇಕು. ಎರಡು ನಿಮಿಷ, ಅಷ್ಟೇ. ಬೇಸ್‌ಬಾಲ್ ರೆಫರೆನ್ಸ್ ಪುಟ ತೆರೆದು ಸ್ಕ್ರೀನ್ ಹಂಚಿಕೊಂಡು ಸಂಖ್ಯೆ ತೋರಿಸಿ. ನಿಯಮದಲ್ಲಿ ಉತ್ತರ ಇದ್ದರೆ ಓದಿ ಹೇಳಿ, ಚರ್ಚೆ ಬೇಡ. ಉತ್ತರ ಇಲ್ಲದಿದ್ದರೆ ಆಟಗಾರನಿಗೆ ಕಡಿಮೆ ಜಾಗ ಕೊಡುವ ತೀರ್ಮಾನವನ್ನೇ ತೆಗೆದುಕೊಳ್ಳಿ. ಆರಿಸಿದವನಿಗೆ ಆಯ್ಕೆ ಬದಲಿಸಲು ಆ ಎರಡು ನಿಮಿಷದೊಳಗೆ ಅವಕಾಶ ಕೊಡಿ. ಮುಂದಿನವನು ಆರಿಸಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ.

ತಕರಾರು ಕಮಿಷನರ್‌ನ ಆಟಗಾರನ ಬಗ್ಗೆಯೇ ಬಂದರೆ? ಡ್ರಾಫ್ಟ್‌ಗೆ ಮೊದಲೇ ಇನ್ನೊಬ್ಬರನ್ನು ಗೊತ್ತುಮಾಡಿಡಿ. ಅವರದೂ ಆ ಆಟಗಾರನ ಜೊತೆ ಸಂಬಂಧ ಇದ್ದರೆ ಮೂರನೆಯವರು. ಮೂರು ಹೆಸರು ಸಾಕು.

ನಿಯಮ ಬರೆಯಲು ಒಂದು ಮಾದರಿ ಬೇಕಾದರೆ ಇದನ್ನೇ ಎತ್ತಿಕೊಂಡು ನಿಮ್ಮ ಸಂಖ್ಯೆ ಹಾಕಿಕೊಳ್ಳಿ:

"ಹಿಂದಿನ ರೆಗ್ಯುಲರ್ ಸೀಸನ್‌ನಲ್ಲಿ ಒಂದು ಜಾಗದಲ್ಲಿ 10 ಅಥವಾ ಹೆಚ್ಚು ಪಂದ್ಯ ನಿಂತ ಆಟಗಾರ ಆ ಜಾಗಕ್ಕೆ ಅರ್ಹ. 10 ಮುಟ್ಟದವನು ಹೆಚ್ಚು ಆಡಿದ ಜಾಗಕ್ಕೆ ಅರ್ಹ. ಸಮ ಬಂದರೆ ಎರಡಕ್ಕೂ. ಒಂದೂ ಆಡದವನಿಗೆ ಅವನು ಆಡಿದ ಕೊನೆಯ ಸೀಸನ್‌ನ ಲೆಕ್ಕ. ಫೀಲ್ಡಿಂಗ್ ಮಾಡದೆ ಡಿಎಚ್ ಆಗಿ ಮಾತ್ರ ಆಡಿದವನು ಯುಟಿಲಿಟಿಗೆ ಮಾತ್ರ. ಸೀಸನ್ ಒಳಗೆ 5 ಪಂದ್ಯ ಆಡಿದರೆ ಮರುದಿನದಿಂದ ಹೊಸ ಜಾಗ. ಸಿಕ್ಕ ಜಾಗ ಸೀಸನ್ ಮುಗಿಯುವವರೆಗೆ ಇರುತ್ತದೆ. ಬ್ಯಾಟಿಂಗ್, ಪಿಚಿಂಗ್ ಬೇರೆ ಬೇರೆಯಾಗಿ ಎಣಿಸುವುದು. ಪಿಚಿಂಗ್‌ಗೆ ಹಿಂದಿನ ಎರಡು ಸೀಸನ್ ನೋಡಬಹುದು. ಸಂಶಯ ಬಂದರೆ ಬೇಸ್‌ಬಾಲ್ ರೆಫರೆನ್ಸ್ ಸಂಖ್ಯೆಯೇ ಅಂತಿಮ."

ಲೀಗ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಪಿನ್ ಮಾಡಿ, ಪ್ರತಿಯೊಬ್ಬರಿಂದ "ಓದಿದೆ, ಒಪ್ಪಿಗೆ" ಅಂತ ಉತ್ತರ ಬರುವವರೆಗೆ ಡ್ರಾಫ್ಟ್ ಲಿಂಕ್ ಕಳಿಸಬೇಡಿ. ಸೀಸನ್ ನಡುವೆ ಯಾರಾದರೂ ಬದಲಾವಣೆ ಕೇಳಿದರೆ ಬರೆದಿಟ್ಟುಕೊಳ್ಳಿ. ಮತ ಹಾಕುವುದು ಅಕ್ಟೋಬರ್‌ನಲ್ಲಿ ಸೀಸನ್ ಮುಗಿದ ಮೇಲೆ, ಜಾರಿಗೆ ಬರುವುದು ಮುಂದಿನ ವರ್ಷದ ಡ್ರಾಫ್ಟ್‌ನಿಂದ.